ಹಸಿ ಸೌದೆಯ ಹೊಗೆ

ಶಿವಮೊಗ್ಗದ ಕೋಟೆಯ ಬದಿಯಲ್ಲಿ, ತುಂಗೆಗೆ ಕೂಗಳತೆಯಲ್ಲಿರುವ ನಮ್ಮ ಹಳೆಯ ಹೆಂಚಿನ ಮನೆಯ ನಡುಕೋಣೆಯಲ್ಲಿ, ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿ, ಗೋಡೆಗೆ ಒಂದು ಕರಿಕಂಬಳಿಯನ್ನು ಇಳಿಯಬಿಟ್ಟು, ಅದರ ಮುಂದೆ ಒಂದೇ ಒಂದು ಊದುಬತ್ತಿಯನ್ನು ಹಚ್ಚಿ ನಿಲ್ಲಿಸಿ, ನನ್ನ ಅಕ್ಕನ ಮಗನು ಕ್ಯಾಮರಾದ ಹಿಂದೆ ಉಸಿರು ಬಿಗಿಹಿಡಿದು ಕುಳಿತಿದ್ದನು. ಅದು ಪೂಜೆಯ ಹೊತ್ತಲ್ಲ. ಎದುರಿಗೆ ದೇವರ ವಿಗ್ರಹವೂ ಇರಲಿಲ್ಲ. ಆದರೂ ಕೋಣೆಯನ್ನು ಹೊಕ್ಕ ನನಗೆ ಗರ್ಭಗುಡಿಯ ಹೊಸಿಲಲ್ಲಿ ನಿಂತಾಗ ಆಗುವಂಥ ಒಂದು ಸಂಕೋಚವುಂಟಾಗಲು, ಮಾತನಾಡದೆ ಮೂಲೆಯಲ್ಲಿದ್ದ ಮಣೆಯ ಮೇಲೆ ಕುಳಿತೆನು. ಬತ್ತಿಯ ತುದಿಯಿಂದೆದ್ದ ಹೊಗೆ ಒಂದು ಗೇಣಿನಷ್ಟು ಎತ್ತರಕ್ಕೆ ಎಳೆದ ನೂಲಿನಂತೆ ನೆಟ್ಟಗೆ ಏರಿ, ಅಲ್ಲಿಂದ ಮುಂದೆ ಬಳುಕಿ, ಸುರುಳಿಗೊಂಡು, ಮಡಿಕೆ ಮಡಿಕೆಯಾಗಿ ಬಿಚ್ಚಿಕೊಂಡು, ಕಡೆಗೆ ಕತ್ತಲಲ್ಲಿ ಕರಗುತ್ತಿತ್ತು. ಪಕ್ಕದಿಂದ ಬೀಳುವಂತೆ ಇರಿಸಿದ್ದ ಫ್ಲಾಷಿನ ಬೆಳಕು ಮಿಂಚಿ ಮರೆಯಾದಾಗಲೆಲ್ಲ ಆ ಮಡಿಕೆಗಳಲ್ಲೊಂದು ಚಿತ್ರವಾಗಿ ನಿಲ್ಲುತ್ತಿತ್ತು. ಹೀಗೆ ತೆಗೆದ ನೂರಾರು ಚಿತ್ರಗಳಲ್ಲಿ ಹತ್ತನ್ನು ಮಾತ್ರ ಉಳಿಸಿಕೊಂಡು, ಅವುಗಳ ಕಪ್ಪನ್ನು ಬಿಳುಪಾಗಿಯೂ ಬಿಳುಪನ್ನು ಕಪ್ಪಾಗಿಯೂ ಮಾರ್ಪಡಿಸಿ, ಕೆಲವಕ್ಕೆ ನೀಲಿ ಕೆಂಪುಗಳ ಛಾಯೆಯನ್ನಿತ್ತು, ಒಂದನ್ನು ಮಾತ್ರ ಅದರದೇ ಕನ್ನಡಿಯ ಪ್ರತಿಬಿಂಬದೊಡನೆ ಪಕ್ಕಪಕ್ಕಕ್ಕೆ ಜೋಡಿಸಿ, ಕೆಲವು ದಿನಗಳ ತರುವಾಯ ಅವನು ಕಾಗದದ ಮೇಲೆ ಅಚ್ಚು ತೆಗೆಸಿ ತಂದನು.

ಆ ದಿನ ಭದ್ರಾವತಿಯಿಂದ ಬಂದಿದ್ದ ಅಕ್ಕ, ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು ಒಂದೊಂದೇ ಚಿತ್ರವನ್ನು ಕೈಗೆತ್ತಿಕೊಂಡು ನೋಡುತ್ತ ಹೋದವಳು, ಆ ಜೋಡಿಸಿದ ಚಿತ್ರ ಕೈಗೆ ಬಂದೊಡನೆ ಅದನ್ನು ಕಣ್ಣಿಗೊತ್ತಿಕೊಂಡಳು.

“ಇದು ನಮ್ಮ ಹಳೇನಗರದ ನರಸಿಂಹಸ್ವಾಮಿ ಅಲ್ಲೇನೋ? ಕೇಸರ ನೋಡು, ಕಣ್ಣು ನೋಡು.”

“ಇಲ್ಲಮ್ಮ, ಅದು ಬರೀ ಹೊಗೆ. ಅರ್ಧವನ್ನು ತಿರುಗಿಸಿ ಪಕ್ಕಕ್ಕೆ ಇಟ್ಟೆ, ಅಷ್ಟೇ.”

“ನೀನು ಇಟ್ಟೆ, ಅವನು ಬಂದ.”

ಹುಡುಗ ನನ್ನ ಕಡೆಗೆ ತಿರುಗಿ, “ಮಾವ, ನೀವೇ ಹೇಳಿ” ಎಂದನು. ನಾನು ಆಗ ಏನನ್ನೂ ಹೇಳಲಾರದೆ ಹೋದೆನು. ತಾಯಿ ಮಕ್ಕಳಿಬ್ಬರೂ ಸತ್ಯವನ್ನೇ ನುಡಿದಿದ್ದರೆಂದು ನನಗೆ ತೋರಿತು. ಎರಡು ಸತ್ಯಗಳು ಒಂದೇ ಕಾಗದದ ಮೇಲೆ ಹೇಗೆ ನಿಲ್ಲಬಲ್ಲವೆಂಬುದು ಮಾತ್ರ ತೋರಲಿಲ್ಲ. ಹೊಗೆಯಲ್ಲಿ ಕಂಡ ರೂಪವು ಹೊಗೆಯದೋ, ಕಂಡವನದೋ, ಇಬ್ಬರನ್ನೂ ಮೀರಿದ ಇನ್ನಾವುದರದೋ? ಯಾವುದನ್ನೂ ಹೋಲದಿರಲೆಂದು ಮಾಡಿದ ಅಮೂರ್ತಚಿತ್ರದಲ್ಲಿಯೂ ದೇವರು ಬಂದು ನಿಲ್ಲುವನಾದರೆ, ಅದನ್ನು ಭ್ರಾಂತಿಯೆನ್ನಬೇಕೋ, ದರ್ಶನವೆನ್ನಬೇಕೋ? ಅಂದು ಕೊಡಲಾರದ ಆ ಉತ್ತರಕ್ಕಾಗಿ ನಡೆಸಿದ ಹುಡುಕಾಟವೇ ಈ ಬರಹ.

ಮೊದಲು ಹೊಗೆಯ ಸ್ವಭಾವವನ್ನೇ ವಿಚಾರಿಸೋಣ. ಊದುಬತ್ತಿಯ ತುದಿಯಲ್ಲಿ ಕಾದ ಗಾಳಿ ಹಗುರವಾಗಿ ಮೇಲೇರುವಾಗ, ಉರಿದುಳಿದ ಅತಿಸೂಕ್ಷ್ಮ ಕಣಗಳನ್ನು ತನ್ನೊಡನೆ ಒಯ್ಯುತ್ತದೆ. ಏರುವ ಗಾಳಿಯ ವೇಗ ಒಂದು ಮಿತಿಯೊಳಗಿರುವವರೆಗೆ ಅದರ ಪದರಗಳು ಒಂದನ್ನೊಂದು ಕೆಣಕದೆ ಜಾರುವುದರಿಂದ ಹೊಗೆ ನೂಲಾಗಿರುತ್ತದೆ. ಮಿತಿ ಮೀರಿದೊಡನೆ ಪದರಗಳು ತೊಡರಿಕೊಂಡು ಸುಳಿಗಳೇಳುತ್ತವೆ. ಇದೇ ಪರಿವರ್ತನೆಯನ್ನು 1883ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ವಿಜ್ಞಾನಿಯು ಗಾಜಿನ ಕೊಳವೆಯಲ್ಲಿ ಹರಿಯುವ ನೀರಿಗೆ ಬಣ್ಣದ ಎಳೆಯೊಂದನ್ನು ಬಿಟ್ಟು ತೋರಿಸಿಕೊಟ್ಟನು. ಕಣಗಳು ಬೆಳಕಿನ ಅಲೆಗಿಂತಲೂ ಸಣ್ಣವಾಗಿರುವುದರಿಂದ ನೀಲವನ್ನು ಹೆಚ್ಚಾಗಿ ಚೆದರಿಸುತ್ತವೆ; ಆದುದರಿಂದಲೇ ಕತ್ತಲ ಹಿನ್ನೆಲೆಯಲ್ಲಿ ಊದುಬತ್ತಿಯ ಹೊಗೆ ನಸುನೀಲಿಯಾಗಿ ಕಾಣುತ್ತದೆ. ಎದುರಿನಿಂದ ಬೆಳಕು ಬಿಟ್ಟರೆ ಹಿಂದಿನ ಗೋಡೆ ಬೆಳಗೀತೇ ಹೊರತು ಹೊಗೆ ಕಾಣದು. ಪಕ್ಕದಿಂದ ಬಿಟ್ಟರೆ ಗೋಡೆ ಕತ್ತಲಲ್ಲಿ ಉಳಿದು ಹೊಗೆಯೊಂದೇ ಬೆಳಗುವುದು. ಫ್ಲಾಷಿನ ಬೆಳಕು ಸೆಕೆಂಡಿನ ಸಾವಿರ ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಡಿಮೆ ಹೊತ್ತು ಇರುವುದರಿಂದ, ಕಣ್ಣು ಎಂದೂ ಹಿಡಿಯಲಾರದ ಒಂದು ನಿಲುವನ್ನು ಚಿತ್ರ ಹಿಡಿಯುತ್ತದೆ. ಹಾಗಿದ್ದಮೇಲೆ ಆ ಚಿತ್ರದಲ್ಲಿರುವ ಹೊಗೆಯನ್ನು ಯಾವ ಮನುಷ್ಯನೂ ಎಂದೂ ಕಂಡುದಿಲ್ಲ. ಅದು ಇದ್ದುದು ನಿಜ, ಕಂಡುದು ಮಾತ್ರ ಆಮೇಲೆ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು. ಹುಡುಗನು ತೆಗೆದ ಚಿತ್ರವನ್ನು ಕೇವಲ ಕಲ್ಪನೆಯೆಂದು ತಳ್ಳಿಹಾಕದಂತೆ ಇದೇ ನಮ್ಮನ್ನು ತಡೆಯುವುದು.

ನನ್ನ ಬಾಲ್ಯ ಕಳೆದುದು ಭದ್ರಾವತಿಯಲ್ಲಿ. ಆ ಊರಿಗೆ ಹಿಂದೆ ಬೆಂಕಿಪುರವೆಂದು ಹೆಸರು. ವಂಕಿಯೆಂಬ ಮಹರ್ಷಿಯ ತಪೋಭೂಮಿಯಾದುದರಿಂದ ವಂಕಿಪುರವೆನಿಸಿ, ಜನರ ಬಾಯಲ್ಲಿ ಬೆಂಕಿಪುರವಾಯಿತೆಂದು ಸ್ಥಳಪುರಾಣ ಹೇಳುತ್ತದೆ. ಭದ್ರೆಯ ದಂಡೆಯಲ್ಲಿ 13ನೆಯ ಶತಮಾನದ ಹೊಯ್ಸಳರ ಲಕ್ಷ್ಮೀನರಸಿಂಹ ದೇವಾಲಯವು ಮೌನವಾಗಿ ನಿಂತಿದ್ದ ಆ ಊರಿನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರ ಸಂಕಲ್ಪದಿಂದ ಮೈಸೂರು ಕಬ್ಬಿಣದ ಕಾರ್ಖಾನೆ ತಲೆಯೆತ್ತಿ, 1923ರ ಜನವರಿ 18ರಂದು ಕೆಲಸವನ್ನಾರಂಭಿಸಿದಾಗ, ಹಳೆಯ ಹೆಸರು ಹೊಸ ಅರ್ಥದಿಂದ ಸತ್ಯವಾಯಿತೆನ್ನಬಹುದು. ಕೆಮ್ಮಣ್ಣುಗುಂಡಿಯ ಅದಿರನ್ನು ಕರಗಿಸುವುದಕ್ಕೆ ಅಲ್ಲಿ ಕಲ್ಲಿದ್ದಲಿರಲಿಲ್ಲ. ಸುತ್ತಣ ಮಲೆನಾಡಿನ ಸೌದೆಯೇ ಇದ್ದಿಲಾಗಬೇಕಾಗಿತ್ತು. ಆ ಸೌದೆಯನ್ನು ಬಯಲಿನಲ್ಲಿ ಸುಡದೆ, ಗಾಳಿಯಾಡದ ಪಾತ್ರೆಗಳಲ್ಲಿಟ್ಟು ಕಾಯಿಸಿ, ಅದರಿಂದ ಹೊರಟ ಹೊಗೆಯನ್ನೂ ವ್ಯರ್ಥವಾಗಗೊಡದೆ ತಣಿಸಿ, ಮರದ ಮದ್ಯಸಾರವನ್ನೂ ಸುಣ್ಣದ ಅಸಿಟೇಟನ್ನೂ ಟಾರನ್ನೂ ಬೇರ್ಪಡಿಸಿಕೊಳ್ಳುತ್ತಿದ್ದರು. ಹೊಗೆಯನ್ನು ಹಿಡಿಯುವ ವಿದ್ಯೆ ನಮ್ಮ ಸೀಮೆಗೆ ಹೊಸತೇನಲ್ಲ. ಆದರೆ ಭಟ್ಟಿಯವರು ಹೊಗೆಯಲ್ಲಿ ತೂಗಿ ಮಾರಬಹುದಾದುದನ್ನು ಉಳಿಸಿಕೊಂಡು ಅದರ ರೂಪವನ್ನು ತೊರೆದರು. ನನ್ನ ಸೋದರಳಿಯನು ರೂಪವೊಂದನ್ನೇ ಉಳಿಸಿಕೊಂಡು ತೂಕವನ್ನೆಲ್ಲ ಗಾಳಿಗೆ ಬಿಟ್ಟನು.

ನಮ್ಮ ಮನೆಯಲ್ಲಿ ಹೊಗೆಯೊಡನೆ ಪ್ರತಿದಿನವೂ ಹೋರಾಡುತ್ತಿದ್ದವಳು ಅಮ್ಮ. ಮಲೆನಾಡಿನ ಸೆರಗಿನ ಊರಾದ ಅಲ್ಲಿ ಆಷಾಢ ಶ್ರಾವಣಗಳ ಜಡಿಮಳೆಯಲ್ಲಿ ಸೌದೆ ಒಣಗುವುದೆಂಬುದೇ ಇರಲಿಲ್ಲ. ಊದುಗೊಳವೆಯನ್ನು ಹಿಡಿದು ಒಲೆಯ ಮುಂದೆ ಬಾಗಿ ಕುಳಿತ ಅವಳ ಕಣ್ಣಿನಿಂದ ನೀರು ಇಳಿಯುತ್ತಿದ್ದುದನ್ನು ಕಂಡ ನಾನು, ಹೊಗೆಯ ಚೆಲುವನ್ನು ಕುರಿತು ಬರೆಯುವಾಗಲೂ ಅದನ್ನು ಮರೆಯಲಾರೆ, ಮರೆಯಲೂ ಕೂಡದು. ಅದೇ ಅಮ್ಮ, ಕೂಸಿಗೆ ಎಣ್ಣೆನೀರು ಹಾಕಿದ ದಿನ ಕೆಂಡದ ಮೇಲೆ ಸಾಂಬ್ರಾಣಿಯನ್ನುದುರಿಸಿ ಆ ಹೊಗೆಯಲ್ಲಿ ಮಗುವಿನ ತಲೆಗೂದಲನ್ನು ಆರಿಸುತ್ತಿದ್ದಳು. ಹರಳೆಣ್ಣೆಯ ದೀಪದ ಮೇಲೆ ಬಟ್ಟಲನ್ನು ಕವುಚಿ, ಅದಕ್ಕೆ ಹತ್ತಿದ ಮಸಿಯನ್ನು ತುಪ್ಪದಲ್ಲಿ ಕಲಸಿ, ಕಾಡಿಗೆಯಾಗಿ ಅದೇ ಮಗುವಿನ ಕಣ್ಣಿಗೆ ತೀಡುತ್ತಿದ್ದಳು. ಕಣ್ಣನ್ನು ಉರಿಸುವ ಹೊಗೆಯೇ ಪಾಕವಾಗಿ ಕಣ್ಣಿನ ಅಲಂಕಾರವಾಗುವ ಈ ವಿಚಿತ್ರವನ್ನು ಅಂದು ನಾನು ವಿಚಾರ ಮಾಡಿದವನಲ್ಲ.

ಆಮೇಲೆ ಶಿವಮೊಗ್ಗಕ್ಕೆ ಬಂದು ಸಂಸ್ಕೃತವನ್ನು ಓದತೊಡಗಿದಾಗ ತರ್ಕಶಾಸ್ತ್ರದ ಮೊದಲ ಪಾಠದಲ್ಲಿಯೇ ಮತ್ತೆ ಹೊಗೆ ಎದುರಾಯಿತು. ಪರ್ವತದ ಮೇಲೆ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯುಂಟೆಂದು ಊಹಿಸುವುದು ನೈಯಾಯಿಕರ ಆದಿಮ ಉದಾಹರಣೆ. ಅವರ ಪರಿಭಾಷೆಯಲ್ಲಿ ಹೊಗೆಯು ‘ಲಿಂಗ’. ಕಾಣದ ಬೆಂಕಿಯನ್ನು ತಿಳಿಸಿಕೊಡುವ ಗುರುತು. ಶಿವನ ಹೆಸರನ್ನೇ ಹೊತ್ತ ಊರಿನಲ್ಲಿ ಕುಳಿತು ಆ ಶಬ್ದವನ್ನು ಕೇಳಿದಾಗ ನನಗಾದ ರೋಮಾಂಚ ಇಂದಿಗೂ ನೆನಪಿದೆ. ದೇವಾಲಯದಲ್ಲಿ ನಾವು ಪೂಜಿಸುವ ಲಿಂಗವೂ ಯಾವುದರ ಹೋಲಿಕೆಯೂ ಅಲ್ಲದ ರೂಪವಷ್ಟೆ. ಅದಕ್ಕೆ ಮುಖವಿಲ್ಲ, ಕೈಕಾಲಿಲ್ಲ. ಆದರೂ ಅದು ರೂಪರಹಿತವೂ ಅಲ್ಲ. ಮಲೆನಾಡಿನ ಮರದಡಿಯಲ್ಲಿ ಉಳಿಯ ಪೆಟ್ಟನ್ನೇ ಕಾಣದ ಕಲ್ಲೊಂದು ಚೌಡಿಯಾಗಿ ಕುಂಕುಮವಿಡಿಸಿಕೊಳ್ಳುತ್ತದೆ. ನದಿಯಲ್ಲಿ ಉರುಳಿ ನುಣುಪಾದ ಕಪ್ಪು ಶಿಲೆ ಸಾಲಿಗ್ರಾಮವಾಗಿ ತುಳಸಿಯನ್ನು ಪಡೆಯುತ್ತದೆ. ಅಮೂರ್ತಕಲೆಯು ಪರದೇಶದ ಸರಕೆಂದು ಹೇಳುವವರು ನಮ್ಮ ದೇವರ ಕೋಣೆಯನ್ನೇ ಸರಿಯಾಗಿ ನೋಡಿದವರಲ್ಲ.

ತರ್ಕದ ಪಾಠವು ಅಲ್ಲಿಗೆ ನಿಲ್ಲಲಿಲ್ಲ. ಮಂಜನ್ನು ಹೊಗೆಯೆಂದು ತಿಳಿದು ಬೆಂಕಿಯನ್ನು ಊಹಿಸಿದವನು ಮೋಸಹೋದನು. ಮಾಗಿಯ ಮುಂಜಾನೆ ತುಂಗೆಯ ಮೇಲೆ ಹಬ್ಬಿದ ಬಿಳುಪನ್ನು ಕಂಡವರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹೊಗೆಯಿದ್ದಲ್ಲಿ ಬೆಂಕಿಯುಂಟೆಂಬುದು ನಿಯಮ. ಬೆಂಕಿಯಿದ್ದಲ್ಲೆಲ್ಲ ಹೊಗೆಯುಂಟೆಂಬುದು ನಿಯಮವಲ್ಲ. ಏಕೆಂದರೆ ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿಯಾದ ಸೌದೆಯ ಸಂಯೋಗವೂ ಬೇಕು. ಇದಕ್ಕೆ ಶಾಸ್ತ್ರವು ಕೊಡುವ ಪ್ರತ್ಯುದಾಹರಣೆ ಯಾವುದು? ಕೆಂಪಗೆ ಕಾದ ಕಬ್ಬಿಣದ ಗುಂಡು. ಅದರಲ್ಲಿ ಬೆಂಕಿ ತುಂಬಿದೆ, ಹೊಗೆಯ ಎಳೆಯೂ ಇಲ್ಲ. ಕಬ್ಬಿಣದ ಊರಿನಿಂದ ಬಂದ ಹುಡುಗನಿಗೆ ಈ ಉದಾಹರಣೆ ಪುಸ್ತಕದ ಮಾತಾಗಿರಲಿಲ್ಲ. ಒಲೆಯಲ್ಲಿ ಹಸಿ ಸೌದೆ, ಕಾರ್ಖಾನೆಯಲ್ಲಿ ಕಾದ ಕಬ್ಬಿಣ. ಹೀಗೆ ಬೆಂಕಿಯ ಎರಡು ಪರಿಗಳನ್ನು ಎರಡು ಕಣ್ಣುಗಳಿಂದಲೂ ಕಂಡೇ ಬೆಳೆದವನು ನಾನು. ಅಂದು ಕಲಿತುದನ್ನು ಇಂದು ಅಕ್ಕನ ಪ್ರಶ್ನೆಗೆ ಹಚ್ಚಿ ನೋಡುತ್ತೇನೆ: ರೂಪಗಳೇಳುವುದು ಬೆಂಕಿಯ ದೋಷದಿಂದಲ್ಲ, ಸೌದೆಯ ಹಸಿತನದಿಂದ. ಪರವಸ್ತುವು ಅರೂಪವೇ ಆಗಿರಲಿ. ಅದು ನಮ್ಮಂಥ ಹಸಿಯಾದ ಜೀವಗಳನ್ನು ಮುಟ್ಟಿದಾಗ, ನಮ್ಮ ನೆನಪು, ಭಯ, ಪ್ರೀತಿ, ಬಾಲ್ಯದ ಗುಡಿಯ ಗಂಟೆ, ಇವೆಲ್ಲದರ ತೇವದಿಂದ ರೂಪವೇಳುತ್ತದೆ. ಅಕ್ಕನಿಗೆ ಕಂಡುದು ನರಸಿಂಹ. ಸಮುದ್ರತೀರದಲ್ಲಿ ಬೆಳೆದವರಿಗೆ ಅದೇ ಚಿತ್ರದಲ್ಲಿ ಹೆಡೆಯೆತ್ತಿದ ತೆರೆ ಕಂಡೀತು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪ ಬರುತ್ತದೆ. ಹಾಗಾದರೆ ಇದು ಶಂಕರಾಚಾರ್ಯರು ಹೇಳಿದ ಅಧ್ಯಾಸವೇ ಆಯಿತಲ್ಲ, ಹಗ್ಗದಲ್ಲಿ ಹಾವನ್ನು ಕಂಡಂತೆ ಹೊಗೆಯಲ್ಲಿ ದೇವರನ್ನು ಕಂಡದ್ದಾಯಿತಲ್ಲ, ಎಂದು ಕೇಳುವವರುಂಟು. ಅವರಿಗೆ ನಾನು ಹೇಳುವುದಿಷ್ಟೆ: ಹಗ್ಗವನ್ನು ಹಾವೆಂದು ಕಂಡವನಿಗೆ ಅದು ಹಗ್ಗವೆಂಬುದು ತಿಳಿದಿರುವುದಿಲ್ಲ, ತಿಳಿದೊಡನೆ ಹಾವು ಓಡುತ್ತದೆ. ಅಕ್ಕನಿಗಾದರೋ ಅದು ಕಾಗದವೆಂಬುದೂ, ಕಾಗದದ ಮೇಲಣ ಹೊಗೆಯೆಂಬುದೂ, ಮಗನ ಕೈಚಳಕವೆಂಬುದೂ ತಿಳಿದೇ ಇತ್ತು. ತಿಳಿದ ಮೇಲೆಯೂ ಅವಳ ನರಸಿಂಹನು ಓಡಲಿಲ್ಲ. ಅಧ್ಯಾಸವನ್ನು ಅಷ್ಟು ನಿಷ್ಠುರವಾಗಿ ವಿವೇಚಿಸಿದ ಅದೇ ಆಚಾರ್ಯರು, ಉಪಾಸನೆಯ ಪ್ರಸಂಗ ಬಂದಲ್ಲಿ, ಸಾಲಿಗ್ರಾಮದಲ್ಲಿ ವಿಷ್ಣುವನ್ನು ಕಾಣುವಂತೆ ಎಂಬ ದೃಷ್ಟಾಂತವನ್ನು ಆದರದಿಂದಲೇ ಕೊಡುತ್ತಾರೆ. ತಿಳಿಯದೆ ಆರೋಪಿಸುವುದು ಭ್ರಾಂತಿ. ತಿಳಿದು, ಶ್ರದ್ಧೆಯಿಂದ, ಒಂದರಲ್ಲಿ ಇನ್ನೊಂದನ್ನು ಕಾಣಲೆಳಸುವುದು ಉಪಾಸನೆ. ಎರಡಕ್ಕೂ ಮನಸ್ಸಿನ ವ್ಯಾಪಾರ ಒಂದೇ ಬಗೆಯದಾಗಿ ತೋರಬಹುದು. ಆದರೆ ಮೊದಲನೆಯದು ನಮ್ಮನ್ನು ಕಟ್ಟುತ್ತದೆ, ಎರಡನೆಯದು ಸಡಿಲಿಸುತ್ತದೆ.

ಉಪನಿಷತ್ತುಗಳೂ ಹೊಗೆಯನ್ನು ಹೀನವೆಂದು ಕಂಡಿಲ್ಲ. ಶ್ವೇತಾಶ್ವತರದಲ್ಲಿ ಯೋಗಿಗೆ ಬ್ರಹ್ಮದರ್ಶನಕ್ಕೆ ಮುನ್ನ ತೋರುವ ರೂಪಗಳನ್ನು ಎಣಿಸುವಾಗ ಮಂಜು ಮತ್ತು ಹೊಗೆಗಳೇ ಮೊದಲು ಬರುತ್ತವೆ. ಸೂರ್ಯ, ಮಿಂಚುಹುಳು, ಮಿಂಚು, ಸ್ಫಟಿಕ, ಚಂದ್ರ ಇವೆಲ್ಲ ಆಮೇಲೆ. ಛಾಂದೋಗ್ಯದ ಪಂಚಾಗ್ನಿವಿದ್ಯೆಯಲ್ಲಿ ಲೋಕವನ್ನೆಲ್ಲ ಅಗ್ನಿಯಾಗಿ ಭಾವಿಸುವಾಗ, ಸೂರ್ಯನ ಕಿರಣಗಳೂ ಮೋಡವೂ ಆಕಾಶವೂ ಒಂದೊಂದು ಅಗ್ನಿಯ ಹೊಗೆಯೆನಿಸುತ್ತವೆ. ಪುರುಷನೆಂಬ ಅಗ್ನಿಗೆ ಪ್ರಾಣವೇ ಹೊಗೆ. ಬೃಹದಾರಣ್ಯಕವಂತೂ ಇನ್ನೂ ಮುಂದೆ ಹೋಗಿ, ಹಸಿ ಸೌದೆಯ ಬೆಂಕಿಯಿಂದ ನಾನಾ ಬಗೆಯ ಹೊಗೆಗಳು ಹೊರಡುವಂತೆ ಬ್ರಹ್ಮವೆಂಬ ಆ ಮಹಾಭೂತದಿಂದ ವೇದಗಳೆಲ್ಲ ಉಸಿರಾಗಿ ಹೊರಟವೆಂದು ಹೇಳುತ್ತದೆ. ಅಮ್ಮನ ಕಣ್ಣನ್ನು ತೋಯಿಸಿದ ಹಸಿ ಸೌದೆಯ ಹೊಗೆಯನ್ನೇ ಋಷಿಯು ವೇದದ ಉತ್ಪತ್ತಿಗೆ ಉಪಮಾನವಾಗಿ ಆರಿಸಿಕೊಂಡನಲ್ಲ ಎಂಬುದನ್ನು ನೆನೆದರೆ ನನ್ನ ಮನಸ್ಸು ಆರ್ದ್ರವಾಗುತ್ತದೆ. ಆ ಉಪನಿಷತ್ತಿನಲ್ಲಿಯೇ ಮೂರ್ತ ಮತ್ತು ಅಮೂರ್ತವೆಂದು ಬ್ರಹ್ಮದ ಎರಡು ರೂಪಗಳನ್ನು ಹೇಳಿ, ವಾಯುವನ್ನೂ ಅಂತರಿಕ್ಷವನ್ನೂ ಅಮೂರ್ತವೆಂದು ಎಣಿಸಿ, ಪುರುಷನ ರೂಪವನ್ನು ಬಣ್ಣದ ಬಟ್ಟೆಗೂ ಬಿಳಿಯ ಉಣ್ಣೆಗೂ ಉರಿಯ ನಾಲಗೆಗೂ ಬಿಳಿದಾವರೆಗೂ ಮಿಂಚಿಗೂ ಹೋಲಿಸಿ, ಇಷ್ಟೆಲ್ಲ ಚಿತ್ರಗಳನ್ನು ಮುಂದಿಟ್ಟ ಮೇಲೆ, ‘ಇದಲ್ಲ, ಇದಲ್ಲ’ ಎಂಬ ಉಪದೇಶಕ್ಕೆ ಋಷಿಯು ಬರುತ್ತಾನೆ. ಚಿತ್ರವೇ ಇಲ್ಲದವನಿಗೆ ‘ಇದಲ್ಲ’ ಎನ್ನುವುದಕ್ಕಾದರೂ ಏನಿದೆ? ವಾಯುವಿನ ಅಮೂರ್ತದಲ್ಲಿ ಮಣ್ಣಿನ ಕಣವು ತೇಲುವುದೇ ಹೊಗೆಯಾದುದರಿಂದ, ಅದು ಮೂರ್ತಾಮೂರ್ತಗಳ ನಡುವಣ ಹೊಸಿಲಿನ ಮೇಲೆ ನಿಂತಿದೆ. ನರಸಿಂಹನು ನಿಂತುದೂ ಹೊಸಿಲಿನ ಮೇಲೆಯೇ: ಒಳಗೂ ಅಲ್ಲ ಹೊರಗೂ ಅಲ್ಲ, ಹಗಲೂ ಅಲ್ಲ ಇರುಳೂ ಅಲ್ಲ, ಮನುಷ್ಯನೂ ಅಲ್ಲ ಮೃಗವೂ ಅಲ್ಲ. ಹೆಸರಿನ ಹಿಡಿತಗಳನ್ನೆಲ್ಲ ಜಾರಿಸಿ ಬರುವ ದೇವರು ಹೊಗೆಯಲ್ಲಿ ಅಕ್ಕನಿಗೆ ಕಂಡುದು ಅಕಸ್ಮಾತ್ತಾಗಿರಬಹುದು, ಅನುಚಿತವಂತೂ ಅಲ್ಲ.

ಹೊರದೇಶಗಳಲ್ಲಿ ಈ ದಾರಿಯನ್ನು ಹಿಡಿದವರ ಅನುಭವವೂ ಇಲ್ಲಿ ಪ್ರಸ್ತುತವೆನಿಸುತ್ತದೆ. ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ ಎಂಬಾತನು ತನ್ನ ಜೀವಿತದ ಕಡೆಯ ವರ್ಷಗಳಲ್ಲಿ, 1899ರಿಂದೀಚೆಗೆ, ಸಾಲಾಗಿ ಹೊಗೆಯ ಎಳೆಗಳನ್ನು ಹರಿಯಬಿಡುವ ಯಂತ್ರಗಳನ್ನು ಕಟ್ಟಿ, ಅವು ಅಡ್ಡಲಾಗಿಟ್ಟ ವಸ್ತುಗಳನ್ನು ಬಳಸಿ ಹೋಗುವುದನ್ನು ಛಾಯಾಚಿತ್ರಗಳಲ್ಲಿ ಹಿಡಿದನು. ಅವನಿಗೆ ಬೇಕಾಗಿದ್ದುದು ಕಾಣದ ಗಾಳಿಯ ನಡೆ; ಅವನ ಪಾಲಿಗೆ ಹೊಗೆಯು ನೈಯಾಯಿಕನ ಅರ್ಥದಲ್ಲಿ ಲಿಂಗವೇ ಆಗಿತ್ತು. ಸಾಕ್ಷ್ಯಕ್ಕಾಗಿ ತೆಗೆದ ಆ ಚಿತ್ರಗಳು ಇಂದು ನೋಡುವವರಿಗೆ ಕಾವ್ಯದಂತೆ ತೋರುತ್ತವೆ. ಅಮೆರಿಕದ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬ ಛಾಯಾಗ್ರಾಹಕನು 1922ರಲ್ಲಿ ಮೋಡಗಳ ಚಿತ್ರಗಳನ್ನು ತೆಗೆಯಲಾರಂಭಿಸಿ, ದಿಗಂತರೇಖೆಯೇ ಕಾಣದ, ಮೇಲು ಕೆಳಗೆಂಬ ನೆಲೆಯನ್ನೂ ಕಳೆದುಕೊಂಡ ಅವುಗಳಿಗೆ ಮುಂದೆ ‘ಸಮಾನಗಳು’ ಎಂಬ ಅರ್ಥದ ಹೆಸರನ್ನಿಟ್ಟನು. ಅವು ಮೋಡದ ಚಿತ್ರಗಳಾಗಿರುವುದಕ್ಕಿಂತ ತನ್ನ ಅಂತರಂಗದ ಸ್ಥಿತಿಗಳಿಗೆ ಸಮಾನವಾದ ಚಿತ್ರಗಳೆಂಬುದು ಅವನ ಆಶಯ. ಅದೇ ಸ್ಟೀಗ್ಲಿಟ್ಸನ ಛಾಯಾಚಿತ್ರಗಳು 1924ರಲ್ಲಿ ಬಾಸ್ಟನ್ನಿನ ಕಲಾಸಂಗ್ರಹಾಲಯವನ್ನು ಸೇರಿದುದು, ಅಲ್ಲಿ ಭಾರತೀಯ ಕಲೆಯ ಪಾಲಕರಾಗಿದ್ದ ಆನಂದ ಕುಮಾರಸ್ವಾಮಿಯವರ ಮುತುವರ್ಜಿಯಿಂದ. ಶಿವನ ನೃತ್ಯವನ್ನು ಜಗತ್ತಿಗೆ ವಿವರಿಸಿ ಹೇಳಿದ ಮಹನೀಯರು ಯಂತ್ರದ ಕಣ್ಣಿನ ಚಿತ್ರಗಳಿಗೂ ಬಾಗಿಲನ್ನು ತೆರೆದರೆಂಬುದನ್ನು, ಕ್ಯಾಮರಾ ಮತ್ತು ಅಧ್ಯಾತ್ಮಗಳಿಗೆ ಸಂಬಂಧವಿಲ್ಲವೆನ್ನುವವರು ನೆನೆಯತಕ್ಕದ್ದು.

ಎರಡನೆಯ ಆಕ್ಷೇಪ ಮೊದಲನೆಯದಕ್ಕಿಂತ ಆಳವಾದುದು. ಅದನ್ನೆತ್ತಿದವನು ಚಿತ್ರ ತೆಗೆದ ಹುಡುಗನೇ. “ಮಾವ, ಹೊಗೆಯ ಚಂದವೇ ಅದು ಹೋಗಿಬಿಡುವುದರಲ್ಲಿ ಇರುವಾಗ, ಅದನ್ನು ಹಿಡಿದಿಟ್ಟದ್ದು ತಪ್ಪಾಯಿತೇ?” ಎಂದು ಒಂದು ಇರುಳು ಊಟವಾದ ಮೇಲೆ ಕೇಳಿದನು. ಈ ಪ್ರಶ್ನೆಗೆ ನಮ್ಮ ಜಿಲ್ಲೆಯ ನೆಲದಲ್ಲಿಯೇ ಒಬ್ಬರು ಉತ್ತರವನ್ನು ಬದುಕಿ ತೋರಿಸಿದ್ದಾರೆ. ಬಳ್ಳಿಗಾವಿಯಲ್ಲಿ ಹುಟ್ಟಿದರೆಂದು ಪರಂಪರೆ ಹೇಳುವ ಅಲ್ಲಮಪ್ರಭುಗಳು ಗೋರಕ್ಷನನ್ನು ಕಂಡ ಕಥೆಯನ್ನು ಕನ್ನಡಿಗರೆಲ್ಲ ಬಲ್ಲರು. ಸಾಧನೆಯಿಂದ ವಜ್ರಕಾಯವನ್ನು ಪಡೆದ ಗೋರಕ್ಷನ ಮೈಗೆ ಕತ್ತಿ ತಗುಲಿದಾಗ ಖಣಿಲೆಂದು ಸದ್ದಾಯಿತು. ಅದೇ ಕತ್ತಿಯನ್ನು ಪ್ರಭುವಿನ ಮೇಲೆ ಬೀಸಿದಾಗ ಅದು ಬಯಲಿನಲ್ಲಿ ಬೀಸಿದಂತೆ ಸದ್ದಿಲ್ಲದೆ ಹಾಯ್ದುಹೋಯಿತು. ದೇಹವನ್ನು ಗಟ್ಟಿಮಾಡುವುದು ಸಿದ್ಧಿಯಲ್ಲ, ಅದು ಬಯಲಾಗುವುದು ಸಿದ್ಧಿ ಎಂಬುದು ಕಥೆಯ ತಾತ್ಪರ್ಯ. ಕ್ಯಾಮರಾವೂ ಅಂಥ ಒಂದು ಕತ್ತಿಯೇ ಸರಿ. ಅದನ್ನು ಎಷ್ಟು ಬೇಗ ಬೀಸಿದರೂ ಹೊಗೆಗೆ ಗಾಯವಾಗಲಿಲ್ಲ. ಚಿತ್ರ ತೆಗೆದ ಮರುಕ್ಷಣದಲ್ಲಿಯೇ ಅದು ತನ್ನ ದಾರಿಯನ್ನು ಹಿಡಿದು ಬಯಲಾಯಿತು. 

ಆದುದರಿಂದ ತಪ್ಪು ಚಿತ್ರವನ್ನು ತೆಗೆದುದರಲ್ಲಿಲ್ಲ. ಚಿತ್ರವನ್ನೇ ಗಟ್ಟಿಮೈಯಾಗಿ ಮಾಡಿಕೊಂಡು ಅದರ ಮುಂದೆ ನಿಂತುಬಿಡುವುದರಲ್ಲಿ ತಪ್ಪಿದೆ. ನಮ್ಮ ಪೂಜಾವಿಧಿಯನ್ನು ರೂಪಿಸಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಆವಾಹನೆಯಿಂದ ಮೊದಲಾದ ಪೂಜೆ ಉದ್ವಾಸನೆಯಲ್ಲಿ ಮುಗಿಯುತ್ತದೆ. ಭಾದ್ರಪದದಲ್ಲಿ ಅಷ್ಟು ಅಕ್ಕರೆಯಿಂದ ಮಣ್ಣಿನಲ್ಲಿ ಕರೆದುಕೊಂಡ ಗಣಪತಿಯನ್ನು ಅಷ್ಟೇ ಅಕ್ಕರೆಯಿಂದ ತುಂಗೆಗೆ ಒಪ್ಪಿಸಿ ಬರುತ್ತೇವೆ. ಷೋಡಶೋಪಚಾರಗಳಲ್ಲಿ ಧೂಪವನ್ನು ದೇವರಿಗೆ ಅರ್ಪಿಸುವುದು ಆಘ್ರಾಣಕ್ಕಾಗಿ; ಅದು ದಕ್ಕುವುದೇ ಕರಗುವುದರಿಂದ. ದರ್ಗಾದ ಲೋಬಾನವೂ, ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಹಬ್ಬದ ದಿನ ತೂಗುವ ಧೂಪದಾನಿಯೂ, ನಮ್ಮ ಮನೆಯ ಊದುಬತ್ತಿಯೂ ಭಾಷೆ ಬೇರೆಯಾದರೂ ಇದೊಂದು ಪಾಠವನ್ನು ಕೂಡಿಯೇ ಹೇಳುತ್ತವೆ. ಗೀತೆಯು ಹೊಗೆಯ ದೃಷ್ಟಾಂತವನ್ನು ಎರಡು ಕಡೆ ಎತ್ತಿಕೊಳ್ಳುತ್ತದೆ: ಮೂರನೆಯ ಅಧ್ಯಾಯದಲ್ಲಿ ಕಾಮವು ಜ್ಞಾನವನ್ನು ಮುಸುಕುವುದಕ್ಕೆ, ಹದಿನೆಂಟನೆಯದರಲ್ಲಿ ಬೆಂಕಿಗೆ ಹೊಗೆಯಿದ್ದಂತೆ ಎಲ್ಲ ಕರ್ಮಕ್ಕೂ ದೋಷವುಂಟಾದುದರಿಂದ ಸಹಜಕರ್ಮವನ್ನು ಬಿಡಬಾರದೆಂಬುದಕ್ಕೆ. ಕಲೆಗಾರನಿಗೆ ಎರಡೂ ಬೇಕು. ತನ್ನ ಚಿತ್ರ ಮುಸುಕಾಗಬಲ್ಲದೆಂಬ ಎಚ್ಚರವೂ ಬೇಕು. ಮುಸುಕಾದೀತೆಂಬ ಭಯದಿಂದ ಒಲೆಯನ್ನೇ ಹಚ್ಚದಿರುವ ಹೇಡಿತನ ಬೇಡವೆಂಬ ಧೈರ್ಯವೂ ಬೇಕು. ಕಾದ ಕಬ್ಬಿಣದ ಗುಂಡಿನಂತೆ ಹೊಗೆಯಿಲ್ಲದೆ ಬೆಳಗುವ ಜ್ಞಾನಿಗಳಿದ್ದಾರೆ, ಅವರಿಗೆ ನಮಸ್ಕಾರ. ನಾವು ಹಸಿ ಸೌದೆಗಳು. ನಮ್ಮಲ್ಲಿ ಬೆಂಕಿ ಬಿದ್ದಿತೆಂಬುದಕ್ಕೆ ಹೊಗೆಯೇ ಗುರುತು.

ಇಷ್ಟನ್ನು ಮನಸ್ಸಿನಲ್ಲಿ ಕೂಡಿಸಿಕೊಂಡು, ಕಳೆದ ಕಾರ್ತಿಕದಲ್ಲಿ ನಾನು ಭದ್ರಾವತಿಗೆ ಹೋದೆನು. ಕೆಲವು ವರ್ಷಗಳಿಂದ ಅಲ್ಲಿನ ಆಕಾಶ ತಿಳಿಯಾಗಿದೆ. 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ ಸ್ತಬ್ಧವಾಗಿದೆ. ಅದರ ಚಿಮಣಿಯಲ್ಲಿ ಹೊಗೆಯಾಡುತ್ತಿದ್ದರೆ ಸಾವಿರಾರು ಮನೆಗಳ ಒಲೆಯಲ್ಲಿಯೂ ಹೊಗೆಯಾಡುತ್ತದೆಂದು ಎಣಿಸುತ್ತಿದ್ದ ಜನರಿಗೆ ಈ ತಿಳಿಯಾಕಾಶ ಸಂತೋಷದ ಗುರುತಲ್ಲ. ಅಕ್ಕನ ಮನೆಯಲ್ಲಿ ಆ ಚಿತ್ರಕ್ಕೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ದೇವರ ಕೋಣೆಯಲ್ಲಿ ಅಲ್ಲ, ಪಡಸಾಲೆಯಲ್ಲಿ. ಮೊದಲ ನೋಟಕ್ಕೆ ನನಗೆ ಅದರ ಗುರುತೇ ಸಿಕ್ಕಲಿಲ್ಲ. ಕೇಸರವಿದ್ದಲ್ಲಿ ಎರಡು ಬಳ್ಳಿಗಳು ಕೆಳಗಿಳಿದು ಹೆಣೆದುಕೊಂಡಿದ್ದವು. ಕಣ್ಣುಗಳಿದ್ದಲ್ಲಿ ನೀರಿನ ಮೇಲಿನ ಸುಳಿಗಳಂಥ ಏನೋ ಇತ್ತು. ಚಿತ್ರವನ್ನು ತಲೆಕೆಳಗಾಗಿ ತೂಗುಹಾಕಿದ್ದರು.

“ಅಕ್ಕ, ಇದು ತಿರುವುಮುರುವಾಗಿದೆಯಲ್ಲ?”

ಅವಳು ದೇವರ ಮುಂದಿನಿಂದ ನಿನ್ನೆಯ ಹೂಗಳನ್ನು ಮೊರಕ್ಕೆ ಬಳಿದುಕೊಳ್ಳುತ್ತಿದ್ದಳು. ತಲೆಯೆತ್ತದೆಯೇ, “ನಾನೇ ತಿರುಗಿಸಿದೆ ಕಣೋ. ಬಂದಿದ್ದ, ನೋಡಿದೆ. ಎದ್ದು ಹೋದ ಮೇಲೆ ಪೀಠ ಖಾಲಿ ಇರಬೇಕಲ್ಲ” ಎಂದಳು.

ನಾನು ಗ್ರಂಥಗಳಲ್ಲಿ ಹುಡುಕಿ ಹುಡುಕಿ ಕಂಡುಕೊಂಡುದನ್ನು ಅವಳಿಗೆ ಹೇಳಲೆಂದು ಹೋದವನು, ಹೇಳದೆಯೇ ಕುಳಿತೆನು. ಅವಳು ನಿರ್ಮಾಲ್ಯವನ್ನು ತುಳಸಿಯ ಬುಡಕ್ಕೆ ಹಾಕಿ ಬಂದು, ಕೈ ತೊಳೆದು, ಹೊಸ ಊದುಬತ್ತಿಯನ್ನು ಹಚ್ಚಿದಳು. ಹೊಗೆಯ ನೂಲು ಒಂದು ಗೇಣು ನೆಟ್ಟಗೆ ಏರಿ, ಬಾಗಿಲಿನಿಂದ ಬಂದ ಭದ್ರೆಯ ಗಾಳಿಗೆ ಬಳುಕಿ, ಪಡಸಾಲೆಯ ಕಡೆಗೆ ಹರಿಯಿತು.